ಬ್ಲೇಡಿನಿಂದ ಕೊಯ್ದ ಜೇಬು

ರಾಚಪ್ಪನ ಕೈ ಮುರಿದವನು ನಾನೇ. ಇನ್ಯಾರದೋ ಬಾಯಿಂದ ನಿಮ್ಮ ಕಿವಿಗೆ ಬೀಳುವ ಮೊದಲು ನಾನೇ ಹೇಳಿಬಿಡುವುದು ವಾಸಿ. ರಾಚಪ್ಪ ಎಂದರೆ ನನ್ನ ತಂಗಿ ಜಯಶ್ರೀಯ ಗಂಡ, ಇಳಕಲ್ಲಿನಲ್ಲಿ ಕೈಮಗ್ಗದ ಸೀರೆ ನೇಯುವವನು. ನಾನು ಮಾಳಿಂಗರಾಯ. ಹುನಗುಂದದಲ್ಲಿ ಬೋರ್‌ವೆಲ್ ಮೋಟಾರಿಗೆ ತಂತಿ ಸುತ್ತುವ ಅಂಗಡಿ ನನ್ನದು. ಇಪ್ಪತ್ತೆರಡು ವರ್ಷ ತಾಮ್ರದ ತಂತಿಯ ಜೊತೆ ಬದುಕಿದವನು, ತಾಮ್ರದ ವಿಷಯದಲ್ಲಿ ಯಾರಾದರೂ ಬುದ್ಧಿ ಹೇಳಲು ಬಂದರೆ ನನ್ನ ತಲೆ ಕೆಡುತ್ತದೆ. ಇಷ್ಟೆಲ್ಲಕ್ಕೂ ಮೂಲ ಒಂದು ಪ್ಲಾಸ್ಟಿಕ್ ಆಲ್ಬಮ್ ಎಂದರೆ ನೀವು ನಗಬಹುದು. ನಗಿ, ನಾನೇನೂ ಅನ್ನುವುದಿಲ್ಲ.

ಅಪ್ಪ ಗುರಲಿಂಗಪ್ಪ ಕೆರೂರಿನ ಹತ್ತಿರದ ಬೀರಪ್ಪನ ಗುಡಿಯ ಪೂಜಾರಿ. ಕುರಿ ಕಾಯುವವರು ದೇವರ ಮುಂದೆ ಇಟ್ಟ ರೊಕ್ಕದಲ್ಲಿ ಹಳೆಯ ನಾಣ್ಯ ಕಂಡರೆ, ಅದರ ಬದಲು ತನ್ನ ಕಿಸೆಯಿಂದ ನೋಟು ಹಾಕಿ ಅದನ್ನು ಮನೆಗೆ ತರುತ್ತಿದ್ದ. ತೂತಿನ ದುಡ್ಡು, ತಾಮ್ರದ ಕಾಸು, ರಾಜನ ತಲೆಯ ಏಳು ಬೆಳ್ಳಿ ರೂಪಾಯಿ, ರಾಣಿಯ ತಲೆಯದು ಒಂದೇ ಒಂದು. ಜಯಶ್ರೀ ಹುಟ್ಟಿದಾಗ ಆ ರಾಣಿ ರೂಪಾಯಿಯನ್ನು ಅಪ್ಪ ಅವಳ ತೊಟ್ಟಿಲಲ್ಲಿ ಇಟ್ಟಿದ್ದ. ಎಲ್ಲವೂ ಹತ್ತಿಯ ಚೀಲದಲ್ಲಿ, ಮೇಲೆ ಭಂಡಾರ, ಅಂದರೆ ಬೀರಪ್ಪನ ಅರಿಶಿನ, ಉದುರಿಸಿಕೊಂಡು ದೇವರ ಜಗಲಿಯ ಮೇಲೆ ಕೂತಿರುತ್ತಿದ್ದವು. ದೀಪಾವಳಿ ಅಮಾವಾಸ್ಯೆಗೆ ಮಾತ್ರ ಕೆಳಗಿಳಿಸಿ, ಒಂದೊಂದನ್ನೂ ಅಂಚು ಹಿಡಿದು ಕಣ್ಣಿಗೆ ಒತ್ತಿಕೊಂಡು ಮತ್ತೆ ಚೀಲಕ್ಕೆ ಹಾಕುತ್ತಿದ್ದೆವು.

ನನಗೆ ಹತ್ತು ವರ್ಷವಿದ್ದಾಗ, ಫಳಫಳ ಹೊಳೆಯಲಿ ಅಂತ ನಾಲ್ಕು ತಾಮ್ರದ ಕಾಸುಗಳನ್ನು ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿದೆ. ಅಪ್ಪ ನನ್ನನ್ನು ಕಂಬಕ್ಕೆ ಕಟ್ಟಿ ಬಾರಕೋಲಿನಿಂದ ಹೊಡೆದ. "ದೇವರ ಮೈ ತಿಕ್ಕತಿಯೇನಲೇ? ಅಂಚ ಹಿಡಿ, ನಡು ಮುಟ್ಟಬ್ಯಾಡ ಅಂತ ಎಷ್ಟ ಸಲ ಹೇಳ್ಲಿ?" ಅನ್ನುತ್ತಾ ಹೊಡೆದ. ಅಡ್ಡ ಬಂದ ಅವ್ವ ಬೋರವ್ವನಿಗೂ ಒಂದು ಬಿತ್ತು. ಬೆನ್ನಿನ ಚರ್ಮ ಎದ್ದು ಬಂದಿತ್ತು, ಎಂಟು ದಿನ ಬೋರಲು ಮಲಗಿದೆ. ಅಪ್ಪನ ಸಿಟ್ಟು ಪೂರಾ ನನಗೆ ಬಂತು. ಅಪ್ಪನ ಜೋಪಾನ ಮಾತ್ರ ಬರಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಚೀಲ ನನ್ನ ಮನೆಗೆ ಬಂತು. ಹೋದ ವರ್ಷದ ದೀಪಾವಳಿಯಲ್ಲಿ ಇಳಿಸಿದರೆ, ಇಲಿ ಕಡಿದು ತಳ ತೂತಾಗಿತ್ತು. ಭದ್ರವಾದದ್ದೊಂದು ಬೇಕೆಂದು ಬಾಗಲಕೋಟೆಗೆ ಹೋದೆ. ಅಲ್ಲಿ ಹಳೇ ಊರಿನಲ್ಲಿ ಫಕ್ರುಸಾಬ ಎಂಬ ಮುದುಕನ ಗಡಿಯಾರ ರಿಪೇರಿ ಅಂಗಡಿ. ಹಳೆಯ ನಾಣ್ಯವನ್ನೂ ಕೊಂಡು ಮಾರುತ್ತಾನೆ. ಇಲಿ ಕಡಿದ ಭಂಡಾರದ ಚೀಲದ ಕತೆ ಹೇಳಿದೆ. ಅವನು ಸಣ್ಣ ಚೌಕದ ರಟ್ಟುಗಳನ್ನು ಮುಂದಿಟ್ಟ. ನಡುವೆ ದುಂಡಗಿನ ಕಿಟಕಿ, ಅದಕ್ಕೆ ತೆಳ್ಳಗಿನ ಪಾರದರ್ಶಕ ಹಾಳೆ.

"ಇದರಾಗ ಒಂದೊಂದ ಇಡ್ರಿ, ಮ್ಯಾಲೆ ಗಟ್ಟಿ ಡಬ್ಬಿ," ಅಂದ. "ಮೆತ್ತನ ಪ್ಲಾಸ್ಟಿಕ್ ಆಲ್ಬಮ್ ಮಾತ್ರ ಬ್ಯಾಡ್ರಿ. ತಗೋಳೂಮುಂದ ಮೂಸಿ ನೋಡ್ರಿ, ಹೊಸಾ ಚಪ್ಪಲ್ಲಿನ ವಾಸನಿ ಬಂತಂದ್ರ ಬಿಟ್ಟಬಿಡ್ರಿ. ಅದರಾಗಿನ ಎಣ್ಣಿ ಹೊರಗ ಬಂದು ರೊಕ್ಕಾ ತಿಂತೈತಿ. ಬೆಳ್ಳಿ ಇರಲಿ, ತಾಮ್ರ ಇರಲಿ, ಬಿಡೂದಿಲ್ಲ."

ಬೆಲೆ ಕೇಳಿದೆ, ಹೇಳಿದ. ನನಗೆ ಉರಿದುಹೋಯಿತು.

"ರಟ್ಟಿಗೆ ಇಷ್ಟ ರೊಕ್ಕಾ? ಮಂದಿನ್ನ ಮಳ್ಳ ಮಾಡಾಕ ಕುಂತಿಯೇನು? ತಾಮ್ರ ನನಗ ಕಲಸ್ತಿ?"

"ಕಲಸೂದಲ್ರಿ, ಇದ್ದದ್ದ ಹೇಳಿದ್ನಿ."

ಅವನು ತಣ್ಣಗೆ ಹೇಳಿದ್ದೇ ತಪ್ಪಾಯಿತು. ಅಂಗೈಯಿಂದ ಗಾಜಿನ ಮೇಜಿನ ಮೇಲೆ ಗುದ್ದಿದೆ. ಗಾಜು ಸೀಳಿತು, ನನ್ನ ಕೈಯೂ ಸೀಳಿತು, ಅವನ ಗಡಿಯಾರಗಳ ಮೇಲೆಲ್ಲ ನನ್ನ ರಕ್ತ. ಗಾಜಿನ ರೊಕ್ಕ ಅವನ ಮುಖಕ್ಕೆ ಎಸೆದು ಹೊರಬಿದ್ದೆ. ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಅಂಗಡಿಯಲ್ಲಿ ಕೆಂಪು ರಟ್ಟಿನ, ದಪ್ಪ ಮೆತ್ತನೆಯ ಹಾಳೆಯ ಆಲ್ಬಮ್ ಸಿಕ್ಕಿತು. ತೆರೆದರೆ ಘಮ್ಮೆಂದು ವಾಸನೆ ಬಂತು. ಮುದುಕನ ಮೇಲಿನ ಸಿಟ್ಟಿಗೆ ಆ ವಾಸನೆಯೂ ಚೆಂದ ಅನ್ನಿಸಿತು.

ಮನೆಗೆ ಬಂದು ಒಂದೊಂದು ಜೇಬಿಗೆ ಒಂದೊಂದು ನಾಣ್ಯ ಹಾಕಿದೆ. ದೇವರ ರೊಕ್ಕ ಬರಿಮೈಯಲ್ಲಿ ಇರಬಾರದಲ್ಲ, ಪ್ರತಿ ಜೇಬಿಗೂ ಒಂದು ಚಿಟಿಕೆ ಭಂಡಾರ. ಆಮೇಲೆ ಅಂಗಡಿಯ ಸೋಲ್ಡರಿಂಗ್ ಕಡ್ಡಿ ಕಾಯಿಸಿ ಜೇಬುಗಳ ಬಾಯಿಯನ್ನೆಲ್ಲ ಕರಗಿಸಿ ಅಂಟಿಸಿದೆ. ಇಲಿಯಿರಲಿ, ಗಾಳಿಯೂ ಒಳಗೆ ಹೋಗಬಾರದು ಅಂತ. ನನ್ನ ಬುದ್ಧಿಗೆ ನಾನೇ ಶಭಾಷ್ ಹೇಳಿಕೊಂಡೆ.

ಯುಗಾದಿಗೆ ನನ್ನ ಮನೆಯ ಮಾಳಿಗೆ ಕೆಡವಿ ಆರ್‌ಸಿಸಿ ಹಾಕಿಸಲು ಶುರುಮಾಡಿದೆ. ದೇವರ ಜಗಲಿಯೇ ಇಲ್ಲದ ಮನೆಯಲ್ಲಿ ದೇವರ ರೊಕ್ಕ ಎಲ್ಲಿಡುವುದು? ಆಲ್ಬಮ್ಮನ್ನು ಇಳಕಲ್ಲಿಗೆ ಒಯ್ದು ಜಯಶ್ರೀಯ ಕೈಗೆ ಕೊಟ್ಟೆ. "ಯಾರೂ ಮುಟ್ಟಬ್ಯಾಡ್ರಿ," ಅಂತ ರಾಚಪ್ಪನ ಮುಖ ನೋಡಿಯೇ ಹೇಳಿದೆ. ಅವನು ತಲೆಯಾಡಿಸಿದ. ಮಾತು ಕಡಿಮೆ ಅವನದು.

ಶ್ರಾವಣದಲ್ಲಿ ಜಯಶ್ರೀ ಫೋನ್ ಮಾಡಿದಳು. "ಅಣ್ಣಾ, ದೇವರ ರೊಕ್ಕ ಹಸರ ಆಗಾಕತ್ತ್ಯಾವ. ಲಗೂನ ಬಂದ ನೋಡು."

ಹೊಲವೊಂದರಲ್ಲಿ ಮೋಟಾರು ಎತ್ತುತ್ತಿದ್ದವನು ಹಾಗೇ ಬೈಕು ಹತ್ತಿದೆ. ಚೀಲದಲ್ಲಿ ಪೈಪು ತಿರುಗಿಸುವ ದೊಡ್ಡ ಪಾನಾ ಇತ್ತು. ಚೀಲ ಹೆಗಲಿಗೆ ಹಾಕಿಕೊಂಡೇ ಒಳಗೆ ಹೋದೆ. ಜಯಶ್ರೀ ನೀರಿಗೆ ಹೋಗಿದ್ದಳು. ರಾಚಪ್ಪ ಮಗ್ಗದಡಿ ಕಾಲು ಇಳಿಬಿಟ್ಟು ಕೂರುವ ಕುಣಿಯಿಂದ ಎದ್ದು ಬಂದು ಕೈ ಒರೆಸಿಕೊಂಡು ಆಲ್ಬಮ್ ಇಳಿಸಿಕೊಟ್ಟ. ತೆರೆದೆ. ಜೇಬುಗಳ ತುಂಬ ಹಸಿರು ಲೋಳೆ, ಹಳದಿ ಬೆವರು. ರಾಜನ ಮೂಗಿಲ್ಲ, ಕಣ್ಣಿಲ್ಲ. ತಾಮ್ರವಾದರೆ ಹಸಿರಾಗುತ್ತದೆ, ಒಪ್ಪಿದೆ. ಬೆಳ್ಳಿ ಹಸಿರಾಗುವುದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಕೊನೆಯ ಹಾಳೆ ತಿರುಗಿಸಿದೆ. ರಾಣಿ ರೂಪಾಯಿಯ ಜೇಬನ್ನು ಯಾರೋ ಬ್ಲೇಡಿನಿಂದ ನೆಟ್ಟಗೆ ಕೊಯ್ದಿದ್ದರು. ಒಳಗೆ ಏನೂ ಇರಲಿಲ್ಲ.

"ಭಾವ, ಅದನ್ನ ನಾನ..." ಅಂದ ರಾಚಪ್ಪ.

"ಖರೇ ರೊಕ್ಕಾ ನುಂಗಿ ಖೊಟ್ಟಿ ಇಟ್ಟಿಯೇನಲೇ ಭಾಡ್ಯಾ?"

ಎದೆಗೆ ಒದ್ದೆ. ಮಗ್ಗದ ಮೇಲೆ ಬಿದ್ದ, ನೂಲು ಪಟಪಟ ಹರಿದವು. ಕೂದಲು ಹಿಡಿದೆತ್ತಿ ಮುಖವನ್ನು ಮಗ್ಗದ ಕಂಬಕ್ಕೆ ಅಪ್ಪಳಿಸಿದೆ. ಹಲ್ಲೊಂದು ನೆಲಕ್ಕೆ ಬಿತ್ತು. ಅರ್ಧ ನೇಯ್ದ ಸೀರೆಯ ಮೇಲೆ ರಕ್ತ ಸುರಿಯಿತು. ಅವನು ತಿರುಗಿ ಒಂದೇಟೂ ಹೊಡೆಯಲಿಲ್ಲ, "ಒಂದ ಮಾತ ಕೇಳ ಭಾವ, ಒಂದ ಮಾತ," ಅಂತ ಬಡಬಡಿಸುತ್ತಿದ್ದ. ನಾನು ಚೀಲದಿಂದ ಪಾನಾ ಎಳೆದೆ. ತಲೆ ಉಳಿಸಿಕೊಳ್ಳಲು ಅವನು ಬಲಗೈ ಎತ್ತಿ ಕಂಬಕ್ಕೆ ಆನಿಸಿದ. ಪಾನಾ ಆ ಕೈಯ ಮೇಲೆ ಬಿತ್ತು. ಒಣ ಜೋಳದ ದಂಟು ತುಳಿದ ಹಾಗೆ ಸದ್ದಾಯಿತು. ಮತ್ತೊಂದು ಹೊಡೆದೆ. ಮೊದಲನೆಯದು ಸಿಟ್ಟಿನಲ್ಲಿ ಬಿದ್ದದ್ದು ಅಂತ ಬೇಕಾದರೆ ಹೇಳಿಕೊಳ್ಳಬಹುದು. ಎರಡನೆಯದನ್ನು ನೋಡಿ ಹೊಡೆದೆ.

ಜಯಶ್ರೀ ನೀರಿನ ಕೊಡ ಹೊತ್ತು ಒಳಗೆ ಬಂದವಳು ಕೊಡವನ್ನೇ ನನ್ನ ಬೆನ್ನಿಗೆ ಎಸೆದಳು. ನನ್ನ ತೋಳು ಕಚ್ಚಿ ಹಿಡಿದು, ಪಾನಾ ಕೆಳಗೆ ಬೀಳುವ ತನಕ ಬಿಡಲಿಲ್ಲ. "ಕೇಳಾಕ ಬಾಯಿ ಇರಲಿಲ್ಲೇನ ನಿನಗ? ನಡಿ ಹೊರಗ! ಸತ್ತರೂ ಈ ಹೊಸ್ತಿಲಾ ತುಳಿಬ್ಯಾಡ!" ಎಂದು ಕಿರುಚಿದಳು. ನಾನು ಪಾನಾ ಎತ್ತಿ ಚೀಲಕ್ಕೆ ಹಾಕಿಕೊಂಡು, ಆಲ್ಬಮ್ ಕಂಕುಳಲ್ಲಿ ಹಿಡಿದು ಹೊರಟೆ. ಅವಳು ಪೊಲೀಸರಿಗೆ ಹೇಳಲಿಲ್ಲ. ಹೇಳಬೇಕಿತ್ತು.

ಮರುದಿನ ಬೆಳಿಗ್ಗೆಯೇ ಫಕ್ರುಸಾಬನ ಅಂಗಡಿಯ ಮುಂದೆ ನಿಂತೆ. ಇವೆಲ್ಲ ಖೊಟ್ಟಿ ಅಂತ ಅವನ ಬಾಯಲ್ಲಿ ಹೇಳಿಸಿ, ಹಿರಿಯರನ್ನು ಕೂಡಿಸಿ ರಾಚಪ್ಪನ ಮಾನ ಕಳೆಯಬೇಕೆಂಬ ಹಟ. ಮುದುಕ ನನ್ನನ್ನು ಗುರುತು ಹಿಡಿದ, ಗಾಜಿನ ಮೇಜಿನಿಂದ ಒಂದು ಹೆಜ್ಜೆ ಹಿಂದೆ ಸರಿದ. "ತಂಗಿ ಗಂಡ ಖರೇ ರೊಕ್ಕಾ ಕದ್ದು ಖೊಟ್ಟಿ ಇಟ್ಟಾನ, ನೋಡಿ ಹೇಳು," ಅಂದೆ. ಅವನು ಆಲ್ಬಮ್ ತೆರೆದು ಮೂಸಿದ. ಒಂದು ರಾಜನ ರೂಪಾಯಿಯ ಜೇಬು ಕತ್ತರಿಸಿ, ನಾಣ್ಯವನ್ನು ಯಾವುದೋ ಬಾಟಲಿಯ ದ್ರವದಲ್ಲಿ ಅದ್ದಿಟ್ಟ. ಸ್ವಲ್ಪ ಹೊತ್ತಿನ ಮೇಲೆ ತೆಗೆದರೆ ಹಸಿರು ಬಿಟ್ಟಿತ್ತು. ಕೆಳಗೆ ರಾಜ ಇದ್ದ, ಮುಖದ ಮೇಲೆ ಸಿಡುಬಿನ ಕಲೆ ಎದ್ದಿತ್ತು. ಸಣ್ಣ ತಕ್ಕಡಿಯಲ್ಲಿ ಇಟ್ಟ.

"ತೂಕ ಬರೋಬ್ಬರಿ ಐತ್ರಿ. ಇದು ಖರೇ ರೂಪಾಯಿ."

"ಬೆಳ್ಳಿ ಹಸರ ಹ್ಯಾಂಗಾತು ಮತ್ತ?"

"ಹಳೇ ರೂಪಾಯಿಯೊಳಗ ಒಂದೀಟ ತಾಮ್ರ ಇರತೈತ್ರಿ. ಈ ಪ್ಲಾಸ್ಟಿಕ್ಕು ಅದನ್ನ ತಿಂದೈತಿ. ಚೀಲದಾಗ ಭಂಡಾರಕ್ಕ ಗಾಳಿ ಆಡ್ತಿತ್ತು. ನೀವು ಜೇಬಿನ ಬಾಯಿ ಮುಚ್ಚಿ ಬೆವರಿಸೀರಿ." ಆಮೇಲೆ ಕನ್ನಡಕ ತೆಗೆದು ಕೇಳಿದ, "ಹಸರ ಆಗ್ಯಾವಂತ ನಿಮಗ ಯಾರ ಹೇಳಿದ್ರು?"

"ತಂಗಿ ಫೋನ್ ಮಾಡಿದ್ಲು."

"ಕಳ್ಳರು ಫೋನ್ ಮಾಡಿ ಕರಿತಾರೇನ್ರಿ?"

ಆ ಮುದುಕನಿಗೂ ಒಂದು ಬಿಡಬೇಕು ಅನ್ನಿಸಿತು. ನನ್ನ ಜಾತಕವೇ ಅಂಥದ್ದು, ಥೂ. ಕೈ ಎತ್ತಿದೆ, ಎತ್ತಿದ ಕೈಯನ್ನು ನೋಡಿಕೊಂಡೆ. ಅವನ ಬಾಗಿಲ ಕಲ್ಲಿನ ಮೇಲೆ ಕೂತು ಅತ್ತೆ. ನಲವತ್ತಾರು ವರ್ಷದ ಗಂಡಸು, ಬಜಾರದ ನಡುವೆ.

ರಾಚಪ್ಪನ ಕೈಗೆ ಪ್ಲೇಟು ಹಾಕಿದ್ದಾರೆ ಅಂತ ಸುದ್ದಿ ಬಂತು. ದವಾಖಾನಿಗೆ ಅಂತ ಕಳಿಸಿದ ರೊಕ್ಕ ಹೋದ ದಾರಿಯಲ್ಲೇ ವಾಪಸ್ ಬಂತು. ಮೂರು ತಿಂಗಳು ಅಂಗಡಿಯಲ್ಲಿ ಒಂದು ಮೋಟಾರನ್ನೂ ನೆಟ್ಟಗೆ ಸುತ್ತಲಿಲ್ಲ. ದೀಪಾವಳಿ ಅಮಾವಾಸ್ಯೆ ಹತ್ತಿರ ಬಂದಾಗ ಫಕ್ರುಸಾಬನ ಹತ್ತಿರ ಮತ್ತೆ ಹೋದೆ. ಮುದುಕ ಏನೂ ಆಗಿಲ್ಲದವನಂತೆ ಪಕ್ಕ ಕೂರಿಸಿಕೊಂಡ. ಲೋಳೆ ಬಿಡಿಸಿ ಒಣಗಿಸುವುದು, ರಟ್ಟಿನ ಕಿಟಕಿಯೊಳಗೆ ಇಡುವುದು, ಪಿನ್ನು ಹೊಡೆದು ಅದರ ಮೂತಿ ಬಗ್ಗಿಸುವುದು, ಡಬ್ಬಿಯಲ್ಲಿ ತೇವ ಹೀರುವ ಸಣ್ಣ ಪುಡಿಕೆ ಹಾಕುವುದು, ಎಲ್ಲ ತೋರಿಸಿದ. ಎರಡು ದಿನ ಮಾಡಿದೆವು. ರಾಣಿ ರೂಪಾಯಿಗೆಂದು ಒಂದು ರಟ್ಟು ಖಾಲಿ ಬಿಟ್ಟೆ.

ಅಮಾವಾಸ್ಯೆಯ ದಿನ ಇಳಕಲ್ಲಿಗೆ ಹೋಗಿ ಹೊಸ್ತಿಲಾಚೆ ನಿಂತೆ. ರಾಚಪ್ಪ ಒಳಗೆ ಕೂತಿದ್ದ. ಮಗ್ಗದ ಕುಣಿಯಲ್ಲಿ ಬೇರೆ ಯಾವನೋ ಇದ್ದ. ಸೀರೆಯ ಮೈಯ ನೂಲಿಗೆ ಸೆರಗಿನ ನೂಲನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುವುದರಲ್ಲಿ ರಾಚಪ್ಪನ ಬೆರಳಿಗೆ ಆ ಓಣಿಯಲ್ಲೇ ಜೋಡಿ ಇರಲಿಲ್ಲ. ಡಬ್ಬಿಯನ್ನು ಹೊಸ್ತಿಲ ಮೇಲಿಟ್ಟೆ. ಅದರ ಪಕ್ಕಕ್ಕೆ ಅದೇ ಪಾನಾ ಇಟ್ಟೆ.

"ತಪ್ಪಾತು ರಾಚಪ್ಪ. ಕೊಲ್ಲು ನನ್ನ. ನನ್ನ ಕೈನೂ ಮುರಿ."

"ನನಗ ಹೊಡ್ಯಾಕ ಬರೂದಿಲ್ಲ ಭಾವ," ಅಂದ ಅವನು. "ಈಗ ಹಿಡ್ಯಾಕೂ ಬರೂದಿಲ್ಲ."

ಜಯಶ್ರೀ ದೇವರ ಜಗಲಿಯ ಮೇಲಿಂದ ಒಂದು ಬಟ್ಟೆಯ ಗಂಟು ತಂದಳು. ಬಿಚ್ಚಿ, ಒಳಗಿದ್ದದ್ದನ್ನು ಬೀಸಿ ನನ್ನ ಹಣೆಗೆ ಹೊಡೆದಳು. ಹುಬ್ಬು ಒಡೆದು ಕಣ್ಣೊಳಗೆ ರಕ್ತ ಇಳಿಯಿತು. ನಾಣ್ಯ ಠಣ್ಣೆಂದು ನೆಲಕ್ಕೆ ಬಿದ್ದು ಉರುಳಿ ರಾಚಪ್ಪನ ಕಾಲ ಹತ್ತಿರ ನಿಂತಿತು. ರಾಣಿ ರೂಪಾಯಿ. ಬೆಳ್ಳಗೆ, ಅಂಚಿಗೆ ಒಂದಿಷ್ಟು ಒಣ ಭಂಡಾರ, ಒಂದು ಕಲೆಯಿಲ್ಲ.

"ನನ್ನ ತೊಟ್ಟಲದ್ದು, ಅದೊಂದರೆ ಉಳೀಲಿ ಅಂತ ಇಂವ ಕೊಯ್ದ ತಗದ. ಹತ್ತಿ ಅರಬಿಯೊಳಗ ಕಟ್ಟಿಟ್ಟ," ಅಂದಳು. "ಉಳಿದದ್ದನ್ನೂ ತಗ್ಯೂಣು ಅಂದ್ನಿ. 'ಬ್ಯಾಡ, ನಿಮ್ಮಣ್ಣ ಸಿಟ್ಟಿನಂವ, ಕರದ ತೋರಿಸಿ ತಗ್ಯೂಣು' ಅಂದ. ಅದಕ್ಕ ಫೋನ್ ಮಾಡಿದ್ನಿ."

ರಾಚಪ್ಪ ಬಾಗಿ ಬಲಗೈ ಚಾಚಿದ. ರೂಪಾಯಿಯ ಅಂಚು ಹಿಡಿಯಲು ನೋಡಿದ. ಹೆಬ್ಬೆರಳು ಬಂತು, ಪಕ್ಕದ ಬೆರಳು ಬರಲಿಲ್ಲ. ನಾಣ್ಯ ಜಾರಿತು. ಮತ್ತೆ ಹಿಡಿದ, ಅಂಚು ನೆಲದಿಂದ ಒಂದಿಷ್ಟು ಎದ್ದು ಮತ್ತೆ ಬಿತ್ತು. ಮಗ್ಗದ ಸದ್ದು ನಿಂತಿತ್ತು. ಮೂರನೆಯ ಸಲ ಬಿದ್ದಾಗ ನನಗೆ ನೋಡಲಾಗಲಿಲ್ಲ, ಎತ್ತಿಕೊಡಲು ಹೊಸ್ತಿಲಿನಿಂದಲೇ ಬಾಗಿ ಕೈ ಚಾಚಿದೆ.

"ಮುಟ್ಟಬ್ಯಾಡ," ಅಂದಳು ಜಯಶ್ರೀ.