ತಿಥಿಯ ತುಪ್ಪ

ತಂದೆಯ ತಿಥಿಗೆ ಸೇತುಮಾಧವರಾಯರಿಗೆ ಕೊಳತ್ತೂರು ಹಳ್ಳಿಯ ಲಕ್ಷ್ಮಕ್ಕ ಕಾಯಿಸಿದ ತುಪ್ಪವೇ ಆಗಬೇಕು. ಸೇಲಂನ ಅವರ ಮನೆಯಲ್ಲಿ ಆ ದಿನ ಟೊಮೆಟೊ, ಕೋಸು, ಆಲೂಗಡ್ಡೆ ಸೀಮೆ ತರಕಾರಿಗಳೆಂದು ಹೊಸಿಲು ದಾಟುವಂತಿಲ್ಲ. ಇತ್ತೀಚೆಗೆ ವಾಟ್ಸಾಪಿನ ಪುಣ್ಯದಿಂದ ಆ ಪಟ್ಟಿಗೆ ಕುಲಾಂತರಿ ಬೆಳೆಯೂ ಸೇರಿತ್ತು.

ತಿಥಿಯ ಹಿಂದಿನ ದಿನ ಬಸ್ಸಿಳಿದು ಬಂದವರೇ ಲಕ್ಷ್ಮಕ್ಕನ ಜಗಲಿಯ ಮೇಲೆ ಕೂತು ಭಾಷಣ ಶುರುಮಾಡಿದರು. "ಈ ಕುಲಾಂತರಿ ಬೆಳೆಯನ್ನ ಯೂರೋಪಿನವರು ಮುಟ್ಟಲ್ಲ, ಲಕ್ಷ್ಮಕ್ಕ. ಅಮೆರಿಕದವರು ತಿಂದು ಕೆಟ್ಟರು. ಬಾಂಗ್ಲಾದವರಂತೂ ಬದನೆಕಾಯಿಯನ್ನೂ ಬಿಡದೆ ಕುಲಾಂತರಿ ಮಾಡಿದರು. ಒಂದು ಸಲ ಹೊಟ್ಟೆಗೆ ಹೋದರೆ ಏಳು ತಲೆಮಾರಿಗೂ ಬಿಡಲ್ಲ!"

ಕುರಿಗಳಿಗೆ ಸೊಪ್ಪು ಹಾಕುತ್ತಿದ್ದ ಲಕ್ಷ್ಮಕ್ಕ ಗಾಬರಿಯಾದಳು. "ನಮ್ದು ನಾಟಿ ಬದ್ನೆ ಸಾಮಿ," ಎಂದು ಬುಟ್ಟಿ ತಂದಿಟ್ಟಳು. ಆಮೇಲೆ ತುಪ್ಪದ ಡಬ್ಬಿ ತಂದಳು. ರಾಯರು ಮುಚ್ಚಳ ತೆಗೆದು ಮೂಸಿದರು. ಆಹಾ, ಎಂಥ ಘಮ!

"ಹಸುವಿಗೆ ಅಂಥದ್ದೇನು ಹಾಕ್ತೀಯ?"

"ಪರುತ್ತಿ ಕೊಟ್ಟೆ ಸಾಮಿ, ನಮ್ಮೊಲದ್ದೇ. ದಿನಾ ರುಬ್ಬಿ ಇಕ್ತೀನಿ."

ಹತ್ತಿಬೀಜ! ರಾಯರ ಮುಖ ಹುಳ್ಳಗಾಯಿತು. "ಯಾವ ಹತ್ತಿ?"

"ಬೀಟಿ. ಇಪ್ಪತ್ತು ವರ್ಸದಿಂದ ಊರೆಲ್ಲಾ ಅದೇ ತಾನೆ?" ಎಂದವಳಿಗೆ ಅದೂ ಕುಲಾಂತರಿಯೇ ಎಂದು ತಟ್ಟನೆ ಹೊಳೆಯಿತು. ಡಬ್ಬಿಯನ್ನು ಕಿತ್ತುಕೊಂಡಳು. "ಬ್ಯಾಡ ಸಾಮಿ. ಇರೀಕರ ಎಲೆಗೆ ವಿಸ ಬಡಿಸಿದ ಪಾಪ ನಂಗ್ಯಾಕೆ?"

ಬೆಳಗಾದರೆ ತಿಥಿ, ತುಪ್ಪ ಕೈತಪ್ಪುತ್ತಿದೆ. ರಾಯರ ನಾಲಿಗೆ ಆ ಕ್ಷಣವೇ ಮಗ್ಗುಲು ಬದಲಿಸಿತು. "ಅಯ್ಯೋ, ಹಸುವಿನ ಹೊಟ್ಟೆಗೆ ಹೋದರೆ ಎಲ್ಲ ಶುದ್ಧ! ವಿಜ್ಞಾನಿಗಳೇ ಪರೀಕ್ಷೆ ಮಾಡಿದ್ದಾರೆ. ಅಮೆರಿಕದವರು ವರ್ಷಗಟ್ಟಲೆ ತಿಂದು ಗುಂಡುಕಲ್ಲಿನ ಹಾಗಿದ್ದಾರೆ. ಬಾಂಗ್ಲಾದವರು ಆ ಬದನೆಕಾಯಿ ತಿಂದು ಸುಖವಾಗಿಲ್ಲವೇ?" ಬೀಜದ ಕಂಪನಿಯ ಏಜೆಂಟನೂ ಇಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ.

ಲಕ್ಷ್ಮಕ್ಕನ ಕಣ್ಣು ತುಂಬಿತು. "ನನ್ನ ಮೊಮ್ಮಗಳು ವನಿತಾ ಉಟ್ಟಿದಾಗಿಂದ ಇದೇ ತುಪ್ಪ ತಿಂತಾವ್ಳೆ. ಆಗ ಅಂದಿದ್ದು ನಿಜಾನಾ, ಈಗ ಅನ್ನೋದು ನಿಜಾನಾ? ನಿಮ್ಮಪ್ಪನಾಣೆ ಮಾಡಿ ಸಾಮಿ."

ಅಪ್ಪನಾಣೆ, ಅದೂ ತಿಥಿಯ ಮುನ್ನಾದಿನ! 'ನನಗೆ ಗೊತ್ತಿಲ್ಲ' ಎಂದುಬಿಟ್ಟರೆ ಮುಗಿಯುತ್ತಿತ್ತು. ರಾಯರಿಗೆ ನಾಚಿಕೆಯಾಯಿತು, ಆದರೂ ಬುಟ್ಟಿಯಿಂದ ಒಂದು ಬದನೆಕಾಯಿ ಎತ್ತಿ ತಿರುಗಿಸಿ ನೋಡತೊಡಗಿದರು.

ಅಷ್ಟರಲ್ಲಿ ವನಿತಾ ಒಳಗಿನಿಂದ ಬಿಸಿ ಮುದ್ದೆಯ ತಟ್ಟೆ ಹಿಡಿದು ಬಂದಳು. "ಅಜ್ಜಿ, ತುಪ್ಪ."

ಲಕ್ಷ್ಮಕ್ಕನ ಕೈ ಡಬ್ಬಿಯ ಮುಚ್ಚಳದ ಮೇಲೆ ನಿಂತಿತು. ಅವಳು ರಾಯರ ಮುಖ ನೋಡಿದಳು. ಮಗುವೂ ನೋಡಿತು. ರಾಯರು ಗಡಿಯಾರ ನೋಡಿಕೊಂಡರು.

ಸೇಲಂ ಬಸ್ಸಿಗೆ ಇನ್ನೂ ಒಂದು ಗಂಟೆಯಿತ್ತು.