ಹೊರಗೆ ಹಾಕಿಸಿಕೊಳ್ಳುವ ವಿದ್ಯೆ

ಗೋವಾದ ಜೂಜಿನ ಹಡಗಿನಲ್ಲಿ ಶೇಖರ್‌ಗೆ ಸಿಗುತ್ತಿದ್ದ ಮರ್ಯಾದೆ ಹೆಂಡತಿಯ ತವರಿನಲ್ಲಿ ಎಂದೂ ಸಿಕ್ಕಿರಲಿಲ್ಲ. ಅಲ್ಲಿ ಅವನನ್ನು ಸರ್ ಎಂದು ಕರೆಯುತ್ತಿದ್ದರು, ಪುಕ್ಕಟೆ ರೂಮು ಕೊಡುತ್ತಿದ್ದರು, ಪುಕ್ಕಟೆ ಊಟ ಹಾಕುತ್ತಿದ್ದರು, ಹುಟ್ಟಿದ ದಿನಕ್ಕೆ ಕೇಕು ಕೂಡ ತರಿಸುತ್ತಿದ್ದರು. ಮಾಡದೆ ಏನು? ತೆಲಂಗಾಣ ರಾಜ್ಯವಾಗಿ, ಗದ್ವಾಲ ಜಿಲ್ಲೆಯಾಗಿ, ಊರ ಸುತ್ತಲಿನ ಬೀಳು ನೆಲಕ್ಕೂ ಬಂಗಾರದ ಬೆಲೆ ಬಂದಾಗ ಪ್ಲಾಟು ಮಾರಿ ದುಡಿದದ್ದನ್ನೆಲ್ಲ ಅವನು ಆ ಹಡಗಿಗೇ ಸುರಿದಿದ್ದ. ಇನ್ನು ಉಳಿದದ್ದು ಗದ್ವಾಲದಲ್ಲಿದ್ದ ಮನೆಯೊಂದೇ. ಹೆಂಡತಿ ಮಲ್ಲೇಶ್ವರಿ ತವರಿನವರು ಕೊಟ್ಟ ಕುರಿಗಳನ್ನು ಮಾರಿ ಕಟ್ಟಿಸಿದ ಮನೆ ಅದು. ಗಂಡಸಿನ ಹೆಸರಲ್ಲಿದ್ದರೆ ಚಂದ ಎಂದು ಆಗ ಹಿರಿಯರು ಹೇಳಿದ್ದರು. ಹಿರಿಯರಿಗೇನು, ಹೇಳಿ ಊಟ ಮಾಡಿ ಎದ್ದು ಹೋದರು.

ಮನೆ ಮಾರುವ ಮಾತು ಗಂಡನ ಬಾಯಿಂದ ಬಂದ ಮರುದಿನವೇ ಮಲ್ಲೇಶ್ವರಿ ಮಕ್ತಲ್ ಹತ್ತಿರದ ತವರಿಗೆ ಬಂದು ಅಣ್ಣ ಬೀರೇಶನ ಮುಂದೆ ಕೂತಳು.

“ಆತನ್ನ ಹಿಡಿಯಾಕ ನನ್ನಿಂದ ಆಗವಲ್ದು, ಅಣ್ಣ. ನೀನ ಒಮ್ಮಿ ಸಂಗಾಟ ಹೋಗಿ ಕೈ ಹಿಡಕೊಂಡು ಕರಕೊಂಡು ಬಾ.”

ಬೀರೇಶ ಕುರಿ ಕಾಯುವವನು. ಇಸ್ಪೀಟು ಮುಟ್ಟುತ್ತಿದ್ದದ್ದು ದೀಪಾವಳಿಗೆ ಮಾತ್ರ. ತಂಗಿಯ ಕಣ್ಣೀರು ನೋಡಲಾರದೆ ಹೊರಟ. ಶೇಖರ್‌ಗೂ ಖುಷಿಯೇ ಆಯಿತು. ತನ್ನನ್ನು ಅಲ್ಲಿ ಸರ್ ಅನ್ನುವುದನ್ನು ನೋಡಲು ಹೆಂಡತಿಯ ಕಡೆಯವನೊಬ್ಬ ಬೇಕಾಗಿತ್ತು.

ಹಡಗಿನಲ್ಲಿ ಶೇಖರ್ ಆಡುತ್ತಿದ್ದದ್ದು ಇಪ್ಪತ್ತೊಂದರ ಆಟ. ಇಪ್ಪತ್ತೊಂದನ್ನು ದಾಟದೆ ಅದರ ಹತ್ತಿರಕ್ಕೆ ಯಾರ ಎಲೆಗಳ ಮೊತ್ತ ಬರುತ್ತದೋ ಅವರು ಗೆದ್ದಂತೆ. ಎದುರಾಳಿ ಹಡಗಿನವರೇ. ಆಡಿದ ಎಲೆ ಪಕ್ಕಕ್ಕೆ ಹೋಗುತ್ತದೆ, ಉಳಿದವು ಪೆಟ್ಟಿಗೆಯಲ್ಲಿರುತ್ತವೆ. ಪೆಟ್ಟಿಗೆಯಲ್ಲಿ ಎಕ್ಕ, ರಾಜ, ರಾಣಿಗಳು ಹೆಚ್ಚು ಉಳಿದಾಗ ಆಡುವವನ ಕೈ ಮೇಲು. ಸಣ್ಣ ಎಲೆ ಉಳಿದಾಗ ಹಡಗಿನವರ ಕೈ ಮೇಲು. ಶೇಖರ್‌ನ ಬೆನ್ನ ಹಿಂದೆ ನಿಂತು ಸ್ವಲ್ಪ ಹೊತ್ತು ನೋಡಿದ್ದರಲ್ಲೇ ಬೀರೇಶನಿಗೆ ಇದು ತಿಳಿಯಿತು. ಮನೆಯ ಅಳಿಯನಾದ ಶೇಖರ್‌ಗೆ ಮಾತ್ರ ಇಷ್ಟು ವರ್ಷ ಆಡಿದರೂ ತಿಳಿದಿರಲಿಲ್ಲ.

ಬೀರೇಶನ ಮನೆತನದಲ್ಲಿ ಕುರಿ ಎಣಿಸುವುದಿಲ್ಲ. ಬೆರಳು ಮಾಡಿ ಎಣಿಸಿದರೆ ಕುಲದೇವರು ಬೀರಪ್ಪ ಕೊಟ್ಟದ್ದು ಕರಗುತ್ತದೆ ಎಂದು ನಂಬಿಕೆ. ಸಂಜೆ ಕುರಿಗಳು ದೊಡ್ಡಿಗೆ ಹೋಗುವಾಗ ಬಾಗಿಲಲ್ಲಿ ನಿಂತು ಮುಖ ನೋಡುತ್ತಾರೆ, ಅಷ್ಟೇ. ಕಿವಿ ಹರಿದದ್ದು ಬಂದಿಲ್ಲ, ಹಣೆ ಚುಕ್ಕಿಯದು ಬಂದಿಲ್ಲ ಎಂಬುದು ತಾನಾಗಿ ಕಣ್ಣಿಗೆ ಬೀಳುತ್ತದೆ. ಹಾಗೆ ನೋಡಿ ನೋಡಿ ಪಳಗಿದ ಕಣ್ಣಿಗೆ ಇಸ್ಪೀಟಿನ ಎಲೆ ಯಾವ ಲೆಕ್ಕ? ಯಾವುದು ಹೋಯಿತು, ಯಾವುದು ಇನ್ನೂ ಹೋಗಿಲ್ಲ ಎಂಬುದು ಅವನಿಗೆ ಎದುರಿಗೆ ಕಂಡಂತೆ ಇರುತ್ತಿತ್ತು. ಅಳಿಯನನ್ನು ಎಬ್ಬಿಸಲು ಹೋದವನು ಪಕ್ಕದ ಕುರ್ಚಿಯಲ್ಲಿ ತಾನೇ ಕೂತ. ಗೆದ್ದ. ಗೆದ್ದದ್ದನ್ನು ತಂದು ತಂಗಿಯ ಕೈಗಿಟ್ಟ. ಅದನ್ನು ಶೇಖರ್ ಎರಡು ವಾರದೊಳಗೆ ಎತ್ತಿಕೊಂಡು ಹೋಗಿ ಹಡಗಿಗೇ ತಿರುಗಿ ಕೊಟ್ಟು ಬಂದ.

ಹಾಗಾದರೆ ಅಳಿಯ ಸೋತದ್ದನ್ನೆಲ್ಲ ನಾನೇ ಗೆದ್ದು ತಂದು ಮನೆಯನ್ನು ಉಳಿಸುತ್ತೇನೆ ಎಂದು ಬೀರೇಶ ಮತ್ತೊಮ್ಮೆ ಹೋದ. ಈ ಸಲ ಕೂತು ಚಹಾ ಆರುವಷ್ಟರಲ್ಲಿ ಹೆಗಲ ಮೇಲೆ ಕೈ ಬಿತ್ತು. ಮ್ಯಾನೇಜರ್ ಬೆಳಗಾವಿ ಕಡೆಯವನು, ಕನ್ನಡದಲ್ಲೇ ಮಾತಾಡಿದ.

“ನೀವು ಎಲಿ ಎಣಸಾಕತ್ತೀರಿ, ಸರ್.”

ಬೇರೆ ಯಾರೇ ಆಗಿದ್ದರೂ ನಕ್ಕು, ನನಗೆಲ್ಲಿ ಬರುತ್ತದಪ್ಪ ಅದೆಲ್ಲ ಎಂದು ಜಾರಿಕೊಳ್ಳುತ್ತಿದ್ದರು. ಬೀರೇಶನಿಗೆ ಮೈಯೆಲ್ಲ ಉರಿಯಿತು. ಚಿಕ್ಕವನಿದ್ದಾಗ ಮರಿಗಳತ್ತ ಬೆರಳು ಮಾಡಿ ಒಂದು, ಎರಡು ಅಂದದ್ದಕ್ಕೆ ಅಪ್ಪನಿಂದ ಕಪಾಳಕ್ಕೆ ತಿಂದವನು ಅವನು. ಅವನ ಪಾಲಿಗೆ ಅದು ಬೈಗುಳವೇ.

“ಏ, ಎಣಸಾವ ನಾನಲ್ಲ! ಬೀರಪ್ಪನ ಆಣಿ! ನಮ್ಮ ವಂಶದಾಗ ಯಾರೂ ಎಣಸಿಲ್ಲ. ಹೋದವು ಯಾವು, ಉಳದಾವು ಯಾವು ಅಂತ ಕಣ್ಣಿಗಿ ಕಾಣತಾವ, ಅಷ್ಟ. ಈಗ ಆ ಪೆಟ್ಟಿಗ್ಯಾಗ ಒಂದೂ ಐದು ಇಲ್ಲ, ಎಲ್ಲಾ ಹೋಗ್ಯಾವ. ಎಕ್ಕಾ ಭಾಳ ಅದಾವ. ತಗದು ನೋಡ್ರಿ ಬೇಕಾದ್ರ!”

ಅವರು ತೆಗೆದು ನೋಡಿದರು. ಅವನು ಹೇಳಿದ್ದು ಹೇಳಿದಂತೆಯೇ ಇತ್ತು. ಮ್ಯಾನೇಜರ್ ಕೈ ಮುಗಿದ. ಗೆದ್ದ ಹಣವನ್ನು ಚೊಕ್ಕವಾಗಿ ಕೊಟ್ಟು, ಎದುರಿನಿಂದಲೂ ಮಗ್ಗುಲಿನಿಂದಲೂ ಫೋಟೋ ಹಿಡಿದು, ಇನ್ನು ಮೇಲೆ ಇತ್ತ ಕಾಲಿಡಬಾರದೆಂದು ಹೇಳಿ ದೋಣಿ ಹತ್ತಿಸಿದ. ತನ್ನ ಬಾಯಿಂದ ತಾನೇ ಕೆಟ್ಟೆ ಎಂದು ಬೀರೇಶನಿಗೆ ಅರ್ಥವಾದದ್ದು ದಡಕ್ಕೆ ಬಂದ ಮೇಲೆ. ಶೇಖರ್ ಜೊತೆಗೆ ಬರಲಿಲ್ಲ. “ನೀ ನಡಿ ಭಾವ, ನನ್ನ ಆಟ ನಡದೈತಿ” ಎಂದು ಕೂತಲ್ಲಿಂದಲೇ ಕೈ ಆಡಿಸಿದ್ದ.

ಕಳ್ಳನ ಹಾಗೆ ಫೋಟೋ ಹಿಡಿದರಲ್ಲ ಎಂಬ ಸಂಕಟ ಬೀರೇಶನಿಗೆ. ಕೇಸು ಹಾಕಲೇಬೇಕೆಂದು ತಂಗಿಯನ್ನೂ ಕರೆದುಕೊಂಡು ನಾರಾಯಣಪೇಟೆಗೆ ಹೋಗಿ ವಕೀಲ ಖಂಡಪ್ಪನವರನ್ನು ಕಂಡ. ಅವರು ಎಲ್ಲ ಕೇಳಿ ಕನ್ನಡಕ ತೆಗೆದಿಟ್ಟರು.

“ಮೋಸ ಮಾಡೀಯೇನು?”

“ಇಲ್ರೀ.”

“ಹಂಗಾದ್ರ ನಿಂದು ತಪ್ಪಿಲ್ಲ. ತೆಲಿಯೊಳಗ ಎಲಿ ನೆನಪಿಟ್ಟರ ಅದು ಅಪರಾಧ ಅಲ್ಲ, ಪೊಲೀಸರು ನಿನ್ನ ಮುಟ್ಟಂಗಿಲ್ಲ. ಗೆದ್ದ ರೊಕ್ಕಾನೂ ಕೊಟ್ಟಾರ. ಆದ್ರ ಜಾಗಾ ಅವರದು. ಒಳಗ ಬಾ ಅಂದಿದ್ದು ಅವರ ಮರ್ಜಿ, ಬರಬ್ಯಾಡ ಅನ್ನೋದೂ ಅವರ ಮರ್ಜಿ. ಯಾಕ ಅಂತ ಹೇಳಬೇಕಂತನೂ ಇಲ್ಲ.”

“ಇದ್ಯಾವ ನ್ಯಾಯರೀ? ಸೋತವರನ್ನ ಕುಂದರಸ್ತಾರ, ಗೆದ್ದವನ್ನ ಎಬ್ಬಸ್ತಾರ.”

“ನಿನ್ನ ಜಾತಿ ನೋಡಿ ಹೊರಗ ಹಾಕಿದ್ರ ನಾಳೀನ ಕೇಸು ಹಾಕ್ತಿದ್ದೆ. ಧರ್ಮ ನೋಡಿ ಹಾಕಿದ್ರೂ ಹಾಕ್ತಿದ್ದೆ. ನಿನ್ನ ಹಾಕಿದ್ದು ಗೆದ್ದೀ ಅಂತ. ಗೆಲ್ಲೋರದೊಂದು ಜಾತಿ ಐತಿ ಅಂತ ಸಂವಿಧಾನದಾಗ ಬರದಿಲ್ಲಪ್ಪ. ಅದು ಅಂಗಡಿ, ಬೀರೇಶ. ಅಲ್ಲಿ ಮಾರೋ ಸರಕು ಸೋಲು. ಸರಕು ಕೊಳ್ಳದಾವ ಕುರ್ಚಿ ಹಿಡದು ಕುಂತ್ರ ಅಂಗಡಿಯಾವ ಸುಮ್ಮನಿರ್ತಾನೇನು?”

ಅಷ್ಟು ಹೊತ್ತು ಸೆರಗಿನ ತುದಿ ತಿರುವುತ್ತ ಕೂತಿದ್ದ ಮಲ್ಲೇಶ್ವರಿ ಆಗ ಬಾಯಿ ಬಿಟ್ಟಳು.

“ವಕೀಲ್ ಸಾಬ್, ಯಾರನ್ನ ಬೇಕಾದ್ರೂ ಬಂದ್ ಮಾಡೋ ಹಕ್ಕು ಅವರಿಗಿ ಐತೇನ್ರಿ?”

“ಐತವ್ವ.”

“ಹಂಗಾದ್ರ ನಮ್ಮ ಮನಿಯವರನ್ನೂ ಬಂದ್ ಮಾಡ್ರಿ ಅಂತ ಹೇಳ್ರಿ.”

ಖಂಡಪ್ಪನವರು ನಕ್ಕರು, ಆಮೇಲೆ ಅವಳ ಮುಖ ನೋಡಿ ನಗು ನಿಲ್ಲಿಸಿದರು. ಅಲ್ಲಿಂದಲೇ ಹಡಗಿನ ಆಫೀಸಿಗೆ ಫೋನು ಹಚ್ಚಿ, ಬೆಳಗಾವಿ ಮ್ಯಾನೇಜರನ್ನೇ ಕರೆಸಿ ಫೋನನ್ನು ಮಲ್ಲೇಶ್ವರಿಯ ಕೈಗೆ ಕೊಟ್ಟರು. ಅವಳು ಅತ್ತಳು, ಕೈ ಮುಗಿದಳು, ಫೋನಿನಲ್ಲಿ ಕೈ ಮುಗಿದರೆ ಕಾಣುವುದಿಲ್ಲ ಎಂಬುದು ಕೂಡ ಅವಳಿಗೆ ನೆನಪಿರಲಿಲ್ಲ. ಆ ಕಡೆಯವನು ಬಹಳ ವಿನಯವಂತ.

“ಶೇಖರ್ ಸರ್ ನಮ್ಮ ಖಾಸ್ ಗಿರಾಕಿ, ಅಕ್ಕಾರ. ಅವರನ್ನ ಹೊರಗ ಹಾಕಾಕ ಅವರು ಏನ್ ತಪ್ಪು ಮಾಡ್ಯಾರ? ಬರೂದಿಲ್ಲ ಅಂತ ಅವರ ಸ್ವತಃ ಬರದು ಕೊಟ್ರ ನೋಡೋಣು.”

ಸ್ವತಃ ಬರೆದು ಕೊಡುವವನಾಗಿದ್ದರೆ ಹೆಂಡತಿ ವಕೀಲರ ಮನೆಗೆ ಯಾಕೆ ಬರುತ್ತಿದ್ದಳು! ಅಣ್ಣ ತಂಗಿ ನಾರಾಯಣಪೇಟೆಯಿಂದ ಬಸ್ಸಿನಲ್ಲಿ ವಾಪಸು ಹೊರಟರು. ಮಕ್ತಲ್ ಸ್ಟ್ಯಾಂಡಿನಲ್ಲಿ ಇಳಿದವಳೇ ಅಣ್ಣನ ತೋಳು ಹಿಡಿದಳು.

“ಗೆದ್ರ ಹೊರಗ ಹಾಕ್ತಾರಲ್ಲ, ಆತಗೂ ಗೆಲ್ಲೋದು ಕಲಸು. ಒಮ್ಮಿ ಹೊರಗ ಹಾಕಿಸ್ಕೊಂಡು ಬರಲಿ. ನನ್ನ ಪೀಡಾ ಹೋಗತೈತಿ.”

ಬೀರೇಶನಿಗೂ ಬೇರೆ ದಾರಿ ಕಾಣಲಿಲ್ಲ. ಶೇಖರ್‌ನನ್ನು ದೊಡ್ಡಿಗೆ ಕರೆಸಿದ. ಪ್ಯಾಂಟು ಮಡಚಿಕೊಂಡು, ಮೂಗಿಗೆ ಕರ್ಚೀಫು ಹಿಡಿದು ಬಂದ ಅಳಿಯನಿಗೆ ಕುರಿ ತೋರಿಸಿದ. ಅವನನ್ನು ಹಿಂದಕ್ಕೆ ತಿರುಗಿಸಿ ನಿಲ್ಲಿಸಿ ಒಂದು ಕುರಿಯನ್ನು ಹೊರಗೆ ಹೊಡೆದ. ಮತ್ತೆ ತಿರುಗಿಸಿದ.

“ಈಗ ನೋಡ್ರಿ ಶೇಖರಪ್ಪ. ಹೋಗಿದ್ದು ಯಾವುದು?”

ಶೇಖರ್ ಬೆರಳು ಚಾಚಿ ಒಂದು, ಎರಡು ಎಂದು ಶುರು ಮಾಡಿದ. ಬೀರೇಶ ಆ ಬೆರಳನ್ನು ಹಿಡಿದು ಮಡಚಿದ.

“ಎಣಸಬ್ಯಾಡ್ರಿ. ಮುಖ ನೋಡ್ರಿ.”

“ಒಂದು ಕಮ್ಮಿ ಐತಿ, ಭಾವ.”

“ಒಂದು ಅಂದ್ರ? ಯಾವುದು?”

“ಯಾವುದಾದ್ರೇನು, ಕುರಿ ಕುರಿನ. ಒಂದು ಕಮ್ಮಿ ಐತೋ ಇಲ್ಲೋ?”

ಅದೇ ಆಯಿತು ದಿನವೂ. ಕುರಿಗೆ ಮುಖವಿದೆ ಎಂಬುದು ಅವನ ತಲೆಗೆ ಹೋಗಲೇ ಇಲ್ಲ. ಬೀರೇಶ ತಂಗಿಯನ್ನು ಬದಿಗೆ ಕರೆದು, ಈತನಿಗೆ ಬಂದಿಲ್ಲ, ಬರುವಂಥದ್ದೂ ಅಲ್ಲ ಎಂದು ಹೇಳಿಯೇ ಬಿಟ್ಟ. ಶೇಖರ್ ಮಾತ್ರ ವಿದ್ಯೆ ಕೈವಶವಾಯಿತೆಂದು ಕುಣಿಯುತ್ತಿದ್ದ. ಸಣ್ಣ ಹಣದಲ್ಲಿ ಗೆದ್ದರೆ ಯಾರು ಹೊರಗೆ ಹಾಕುತ್ತಾರೆ, ದೊಡ್ಡದಾಗಿ ಗೆಲ್ಲಬೇಕು ಎಂದು ಮನೆಯನ್ನು ಮಾರಿಯೇ ಬಿಟ್ಟ. ಇದೊಂದೇ ಸಲ, ಹೊರಗೆ ಹಾಕಿದ ದಿನವೇ ಬಂದು ಇದೇ ಮನೆಯನ್ನು ತಿರುಗಿ ಕೊಳ್ಳೋಣ ಅಂದ. ಉಪಾಯ ತನ್ನದೇ ಆಗಿದ್ದರಿಂದ ಮಲ್ಲೇಶ್ವರಿಗೆ ಬೇಡವೆನ್ನಲು ಬಾಯಿ ಬರಲಿಲ್ಲ. ಅಣ್ಣನ ಮಾತಿಗಿಂತ ತನ್ನ ಆಸೆಯನ್ನೇ ಅವಳು ನಂಬಿದಳು.

ಶೇಖರ್ ಗೋವಾಕ್ಕೆ ಹೋದ ಮೇಲೆ ಬೀರೇಶ ಕುರಿಗಳನ್ನು ಜೊತೆಗೆ ಕುರಿ ಕಾಯುವ ಮೊಗುಲಪ್ಪನಿಗೆ ಒಪ್ಪಿಸಿ ಗದ್ವಾಲಕ್ಕೆ ಬಂದು, ಕೊಂಡವರು ಇನ್ನೂ ಬಿಡಿಸಿಕೊಳ್ಳದ ಮನೆಯಲ್ಲಿ ತಂಗಿಯ ಜೊತೆಗಿದ್ದ. ಅವಳು ದಿನವೂ ನಡುಮನೆಯಲ್ಲಿ ಬೀರಪ್ಪನ ಪಟದ ಮುಂದೆ ಕೂತು, ನನ್ನ ಗಂಡನನ್ನು ಕುತ್ತಿಗೆ ಹಿಡಿದು ಹೊರಗೆ ನೂಕಲಿ ಎಂದು ಬೇಡಿಕೊಳ್ಳುತ್ತಿದ್ದಳು. ಯಾವ ಹೆಂಡತಿ ಗಂಡನಿಗಾಗಿ ಇಂಥದ್ದನ್ನು ಬೇಡಿದ್ದಾಳು?

ಒಂದು ಮಧ್ಯಾಹ್ನ ಫೋನು ಬಂತು. ಶೇಖರ್‌ನ ದನಿ ಮನೆಯೆಲ್ಲ ಕೇಳುವಂತಿತ್ತು.

“ಭಾವ, ನಾ ಎಣಸೋದು ಇವರಿಗಿ ಗೊತ್ತಾತು!”

ಮಲ್ಲೇಶ್ವರಿ ಫೋನು ಕಸಿದುಕೊಂಡಳು. “ಹೊರಗ ಹಾಕಿದ್ರೇನ್ರೀ?”

“ಯಾಕ ಹಾಕ್ತಾರ? ಬೆಳಗಾವಿ ಮ್ಯಾನೇಜರ್ ತಾನ ಬಂದು ಒಂದು ಹಾಳಿ, ಒಂದು ಪೆನ್ನು ತಂದು ಕೊಟ್ಟಾನ. ಬೆರಳ ಮಡಚಿ ತ್ರಾಸು ತಗೋಬ್ಯಾಡ್ರಿ ಸರ್, ಆರಾಮ ಬರಕೋಂತ ಎಣಸ್ರಿ ಅಂದ!”

ಅವಳು ಫೋನನ್ನು ಕೆಳಗಿಟ್ಟಳು. ಅದರೊಳಗೆ ಶೇಖರ್ ಇನ್ನೂ ಮಾತಾಡುತ್ತಲೇ ಇದ್ದ. ಅವಳು ಸೆರಗು ಸಿಕ್ಕಿಸಿಕೊಂಡು ಸ್ಟೂಲು ಹತ್ತಿ, ಅಟ್ಟದ ಮೇಲಿನ ಹಿತ್ತಾಳೆ ಕೊಡಗಳನ್ನು ಒಂದೊಂದಾಗಿ ಕೆಳಗೆ ಇಳಿಸತೊಡಗಿದಳು.

“ಹಿಡಿ ಅಣ್ಣ,” ಅಂದಳು. “ಮನಿ ಕೊಂಡವರು ಸಾಮಾನು ಹೊರಗ ಹಾಕೋಕಿಂತ ಮೊದಲ ನಾವ ಇಳಿಸೋಣು.”