ನಿಂತೇ ನಗು

ಮಧ್ಯಾಹ್ನದ ಹೊತ್ತು. ಬಟ್ಟೆ ಅಂಗಡಿಯ ಮೂರನೇ ಮಹಡಿಯಲ್ಲಿ ಗಿರಾಕಿಗಳ ಸುಳಿವಿರಲಿಲ್ಲ. ಪರದೆ ಬಟ್ಟೆ ಮಾರುವ ಹುಡುಗಿ, ಎಲ್ಲರ ಬಾಯಲ್ಲಿ ಗುಬ್ಬಿ, ಸುತ್ತಿಟ್ಟ ಬಟ್ಟೆಯ ಥಾನುಗಳ ಮರೆಯಲ್ಲಿ ರಟ್ಟಿನ ಪೆಟ್ಟಿಗೆಯ ಮೇಲೆ ಕುಳಿತಿದ್ದಳು. ಏಳು ತಿಂಗಳ ಬಸುರಿ. ಪಾದಗಳು ಊದಿ ಚಪ್ಪಲಿಯ ಪಟ್ಟಿ ಚರ್ಮಕ್ಕೆ ಒತ್ತಿತ್ತು.

"ಏಳಮ್ಮ," ಎಂದಳು ಮೇಲ್ವಿಚಾರಕಿ. "ಯಜಮಾನರು ನೋಡಿದ್ರೆ ನನ್ನನ್ನ ಸುಮ್ಮನೆ ಬಿಡಲ್ಲ."

"ಸ್ವಲ್ಪ ಹೊತ್ತು, ದೊಡ್ಡಕ್ಕ."

"ನಾನೂ ಬಸುರೀಲಿ ನಿಂತೇ ಕೆಲಸ ಮಾಡ್ದೋಳು. ಏನೂ ಆಗಲ್ಲ, ಏಳು."

ಗುಬ್ಬಿ ಎದ್ದಳು. ದೊಡ್ಡಕ್ಕ ಕಲ್ಲುಮನಸ್ಸಿನವಳೇನಲ್ಲ. ಆದರೆ ಮಾರುವವರು ಕೂರಬಾರದೆಂಬುದು ಅಂಗಡಿಯ ಕಟ್ಟುನಿಟ್ಟು. ಅದನ್ನು ಪಾಲಿಸಿಯೇ ಅವಳು ಮೇಲ್ವಿಚಾರಕಿಯ ಹುದ್ದೆಗೆ ಏರಿದ್ದಳು. ತನಗೆ ಆದದ್ದು ಇವರಿಗೇಕೆ ಆಗದು ಎಂಬುದು ಅವಳ ಲೆಕ್ಕ.

ಆ ತಿಂಗಳು ನಡೆಯಲಿದ್ದ ಅಂಗಡಿಯ ವಾರ್ಷಿಕೋತ್ಸವಕ್ಕೆ ಕೆಲಸದವರೇ ಸಂಗೀತ ನಾಟಕ ಆಡಲಿ ಎಂದು ಯಜಮಾನರಿಗೆ ಆಸೆ ಹುಟ್ಟಿತು. ಹಾಡಿನ ಮೇಷ್ಟ್ರು ಬಂದರು. ಹುಡುಗಿಯರನ್ನು ಕೂರಿಸಿಕೊಂಡು, ಏನೆಂದುಕೊಂಡು ಕೆಲಸಕ್ಕೆ ಬಂದಿರಿ, ಏನಾಯಿತು ಎಂದು ಕೇಳಿದರು. ಅವರು ಹೇಳಿದ್ದನ್ನೇ ಹಾಡಾಗಿ ಹೆಣೆದರು.

ಗೋದಾಮಿನಲ್ಲಿ ಅಭ್ಯಾಸ ನೋಡಲು ಬಂದ ದೊಡ್ಡಕ್ಕ ಮೊದಲ ಸಲಕ್ಕೇ ಹುಬ್ಬು ಗಂಟಿಕ್ಕಿದಳು.

"ತಂಪು ಅಂಗಡಿ ಎಂದು ಬಂದೆ, ಅಂಗಾಲು ಮಾತ್ರ ಸುಡುತಿದೆ," ಎಂದು ಒಬ್ಬಳು ಹಾಡಿದಳು. "ನರ್ಸಾಗುವೆನೆಂದು ಹೊರಟೆ, ನನ್ನ ನೋವಿಗೆ ಮದ್ದೆಲ್ಲಿದೆ?" ಎಂದು ಇನ್ನೊಬ್ಬಳು. ಪ್ರತಿ ಸಾಲಿಗೂ ಉಳಿದವರೆಲ್ಲ, "ನಗುತಾ ನಿಲ್ಲು, ನಿಂತೇ ನಗು" ಎಂದು ದನಿಗೂಡಿಸುತ್ತಿದ್ದರು.

"ಇದೇನ್ ಮೇಷ್ಟ್ರೇ, ಸಂತೋಷದ ದಿನ ಈ ಗೋಳು?"

"ಒಬ್ಬಳೇ ಹಾಡಿದ್ರೆ ಗೋಳೇ ಅನ್ಸುತ್ತಮ್ಮ. ಎಲ್ಲ ಸೇರಿದಾಗ ಅದು ಒಬ್ಬಳ ಕಾಲುನೋವಾಗಿ ಉಳಿಯಲ್ಲ, ಅಂಗಡಿ ಸಂಗತಿ ಆಗುತ್ತೆ. ಇವತ್ತು ಗುಬ್ಬಿ ಬಂದಿಲ್ಲ. ಡಾಕ್ಟರು ಮಲಗೇ ಇರು ಅಂದಿದಾರಂತೆ. ಅವಳ ಸಾಲು ನೀವು ಹಾಡ್ತೀರಾ?"

ದೊಡ್ಡಕ್ಕ ಮೇಷ್ಟ್ರ ಹತ್ತಿರ ಬಂದಳು. "ಮಗು ಹೇಗಿದೆಯಂತೆ?"

"ಸದ್ಯಕ್ಕೆ ಚೆನ್ನಾಗಿದೆ."

ಅವಳು ಹುಡುಗಿಯರ ಸಾಲಿನಲ್ಲಿ ಹೋಗಿ ನಿಂತಳು. "ಒಳಗೆ ಮಗು ಒದೆಯುತಿದೆ, ಕೂರು ಅಮ್ಮ ಅನ್ನುತಿದೆ..." ಮಗಳು ಹೊಟ್ಟೆಯಲ್ಲಿದ್ದಾಗ ಇದೇ ಗೋದಾಮಿನ ಗೋಡೆಗೆ ಒರಗಿ ಅತ್ತಿದ್ದು, ಕಣ್ಣೊರೆಸಿ ನಗುತ್ತಾ ಹೊರಗೆ ಹೋಗಿದ್ದು ನೆನಪಾಯಿತು. ಏನೂ ಆಗಿರಲಿಲ್ಲವೆಂದು ಇಷ್ಟು ದಿನ ತನಗೆ ತಾನೇ ಹೇಳಿಕೊಂಡಿದ್ದಳು. ಹಾಡು ಅಲ್ಲಿಗೇ ನಿಂತುಹೋಯಿತು. ಹುಡುಗಿಯರು ಸುಮ್ಮನಾಗಲಿಲ್ಲ. ಅವಳ ಸಾಲನ್ನು ಅವರೇ ಎತ್ತಿಕೊಂಡು ಮುಗಿಸಿದರು.

ವಾರ್ಷಿಕೋತ್ಸವದ ಸಂಜೆ ಅವಳು ಅವರ ನಡುವೆಯೇ ನಿಂತು ಹಾಡಿದಳು. ಮುಂದಿನ ಸಾಲಿನಲ್ಲಿದ್ದ ಯಜಮಾನರು ಚಪ್ಪಾಳೆ ತಟ್ಟಲೂ ಇಲ್ಲ, ಎದ್ದು ಹೋಗಲೂ ಇಲ್ಲ.

ಮರುದಿನ ಬೆಳಿಗ್ಗೆ ದೊಡ್ಡಕ್ಕ ಮನೆಯಿಂದ ಒಂದು ಸ್ಟೂಲು ಹೊತ್ತು ತಂದು, ಪರದೆ ಬಟ್ಟೆಯ ಕೌಂಟರಿನ ಹಿಂದಿಟ್ಟು, ತಾನೇ ಕುಳಿತಳು. ಹುಡುಗಿಯರು ಅತ್ತಲೇ ನೋಡುತ್ತ ನಿಂತರು. ಯಜಮಾನರು ಮೆಟ್ಟಿಲು ಹತ್ತಿ ಬಂದರು. ಅವಳು ಏಳಲಿಲ್ಲ.

"ನಿಂತು ಮಾತಾಡಿಸೋದು ಗಿರಾಕಿಗೆ ಕೊಡೋ ಮರ್ಯಾದೆ. ನಮ್ಮಪ್ಪ ಕಲಿಸಿದ್ದು," ಎಂದರು ಅವರು.

"ನಿಜ ಸಾರ್. ಗಿರಾಕಿ ಬಂದ್ರೆ ಎದ್ದು ನಿಲ್ತೀವಿ. ಆದ್ರೆ ಎದ್ದೇಳೋಕೆ ಮೊದಲು ಕೂತಿರಬೇಕಲ್ಲ?"

ಯಾರೋ ಕಿಸಕ್ಕೆಂದರು. ಯಜಮಾನರು ಆ ಕಡೆ ತಿರುಗಿದರು. ಸಾಲಾಗಿ ನಿಂತಿದ್ದ ಹುಡುಗಿಯರ ಮುಖಗಳನ್ನು ನೋಡಿದರು; ಆಮೇಲೆ, ಮೊದಲ ಬಾರಿಗೆ ಎಂಬಂತೆ, ಅವರ ಪಾದಗಳನ್ನು.

"ಈ ಸ್ಟೂಲು ಬಹಳ ತಗ್ಗು," ಎಂದರು ಕೊನೆಗೆ. "ಕೂತ್ರೆ ಗಿರಾಕಿ ಬಂದದ್ದೇ ಕಾಣಲ್ಲ. ಬಡಗಿಗೆ ಹೇಳಿ, ಸ್ವಲ್ಪ ಎತ್ತರದ್ದು ಮಾಡ್ಲಿ. ಎಲ್ಲಾ ಕೌಂಟರಿಗೂ."